ಸಿಂಥೆಟಿಕ್ ಲೇಟೆಕ್ಸ್ ಟಾಪರ್ ಬಳಸಿದವರು ಹೇಳಿ

ಡೊಂಬಿವಲಿ: 75×60 ಇಂಚಿನ ಕಾಯರ್ (ತೆಂಗಿನ ನಾರಿನ) ಹಾಸಿಗೆ ಇದೆ, ಕಲ್ಲಿನ ಹಾಗೆ ಗಟ್ಟಿ. ಅದರ ಮೇಲೆ 2 ಇಂಚಿನ ಸಿಂಥೆಟಿಕ್ ಲೇಟೆಕ್ಸ್ ಟಾಪರ್, ಅಂದರೆ ಹಾಸಿಗೆ ಮೇಲೆ ಹಾಸೋ ರಬ್ಬರ್ ಫೋಮಿನ ಪದರ, ಹಾಕಬೇಕು. ಬಜೆಟ್ 6,000. ಯಾವುದು ನೋಡಿ ತಗೊಳ್ಳಲಿ?

ಕೋಥ್ರೂಡ್: ತೂಕ ಮಾಡಿಸದೆ ದುಡ್ಡು ಕೊಡಬೇಡಿ. ಈ ಅಳತೆಗೆ 75 ಡೆನ್ಸಿಟಿ (ಘನ ಮೀಟರಿಗೆ 75 ಕೆಜಿ) ಲೇಟೆಕ್ಸ್ ಅಂದರೆ ಸುಮಾರು 11 ಕೆಜಿ. 32 ಡೆನ್ಸಿಟಿ ಪಿಯು (ಪಾಲಿಯುರೆಥೇನ್) ಫೋಮ್ ಐದು ಕೆಜಿ ಮುಟ್ಟಲ್ಲ. ತೂತು ಇದೆ, ಲೇಟೆಕ್ಸೇ ಇರಬೇಕು ಅಂತ ನಂಬಬೇಡಿ, ಪಿಯುಗೂ ತೂತು ಹೊಡೀತಾರೆ. ನನಗೆ 'ಲೇಟೆಕ್ಸ್ ಫೀಲ್' ಅಂತ ಬಿಲ್ ಮಾಡಿ ಕೊಟ್ಟಿದ್ದು ಎಚ್‌ಆರ್ ಫೋಮ್, ಅದೂ ಹೆಚ್ಚು ಪುಟಿಯೋ ಪಿಯುನೇ. 5,400 ಕೊಟ್ಟೆ, ಟೆಂಪೋ 600, ವಾಪಸಿಗೆ ಮತ್ತೆ 600. ಕವರ್ ಬಿಚ್ಚಿದ್ದಕ್ಕೆ 540 ಮುರಿದುಕೊಂಡರು. ಬಿಚ್ಚದೆ ಒಳಗೇನಿದೆ ಅಂತ ನೋಡೋದು ಹೇಗೆ?

ಮಡಗಾಂವ್: ಸಿಂಥೆಟಿಕ್ ಅಂದರೆ ಎಸ್‌ಬಿಆರ್, ಸ್ಟೈರೀನ್-ಬ್ಯುಟಾಡೈಯೀನ್ ಅನ್ನೋ ಕೃತಕ ರಬ್ಬರ್. ಹಳತಾದಂತೆ ಗಟ್ಟಿಯಾಗಿ ಅಂಚು ಪುಡಿ ಉದುರತ್ತೆ. 14,000 ಹೋದರೂ ನಾನು ನ್ಯಾಚುರಲ್ (ರಬ್ಬರ್ ಮರದ ಹಾಲಿನದು) ತಗೊಂಡೆ, ಇವತ್ತಿಗೂ ಒತ್ತಿದರೆ ಪುಟಿಯತ್ತೆ.

ಠಾಣೆ: ಕೇಳಿದವರ ಬಜೆಟ್ ಓದಿದಿರಾ? ನ್ಯಾಚುರಲ್ಲೂ ಹಳತಾಗತ್ತೆ, ಅದು ಮೆತ್ತಗಾಗಿ ಅಂಟತ್ತೆ. ನಮ್ಮ ಮನೆಯವರಿಗೆ ರಬ್ಬರ್ ಪ್ರೋಟೀನಿನ ಅಲರ್ಜಿ. ಎಸ್‌ಬಿಆರ್‌ನಲ್ಲಿ ಆ ಪ್ರೋಟೀನ್ ಇಲ್ಲ, ಅದಕ್ಕೇ ಅದನ್ನೇ ಹುಡುಕಿದ್ದು. ಆದರೆ ಬ್ಲೆಂಡ್ ಬೇಡ, ಅದರಲ್ಲಿ ನ್ಯಾಚುರಲ್ ಸೇರಿರತ್ತೆ. ಎಸ್‌ಬಿಆರ್ ಎಷ್ಟು ಪರ್ಸೆಂಟ್ ಅಂತ ಬಿಲ್ಲಿನಲ್ಲೇ ಬರೆಸಿ.

ಮಡಗಾಂವ್: ಅಲರ್ಜಿ ಎಲ್ಲರಿಗೂ ಇರತ್ತೇನ್ರಿ? ಅಗ್ಗದ್ದನ್ನು ಎರಡು ಸಲ ಕೊಳ್ಳೋ ಲೆಕ್ಕವನ್ನೂ ಹಾಕಿ.

ವಾಸ್ಕೊ: ಇಬ್ಬರೂ ಎಣ್ಣೀ ಮಾತು ಎತ್ತಲೇ ಇಲ್ಲ. ತಲಿಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಮಲಗಿದ್ರ ನ್ಯಾಚುರಲ್ ಇರ್ಲಿ, ಎಸ್‌ಬಿಆರ್ ಇರ್ಲಿ, ಎಣ್ಣಿ ಹೀರಿ ಉಬ್ಬತದ, ದಿಂಬಿನ ಜಾಗಾ ಮೊದಲು ಕೆಡತದ. ಜಿಪ್ ಇರೋ ಹತ್ತಿ ಕವರ್ ಎರಡು ಇಟ್ಕೊಳ್ರಿ, ಒಂದು ಒಗಿಯಾಕ ಒಂದು ಹಾಕಾಕ. ಪ್ಲಾಸ್ಟಿಕ್ ಹಾಳಿ ಹಾಕಬ್ಯಾಡ್ರಿ, ಬೆವರು ಅಲ್ಲೇ ಕೂಡತದ. ಬಿಸಿಲಿಗೂ ಹಾಕಬ್ಯಾಡ್ರಿ, ರಬ್ಬರ್ ಸೀಳತದ. ಹೊಸಾದರ ವಾಸನಿ ಹೋಗಾಕ ನೆರಳಾಗ ಫ್ಯಾನ್ ಹಚ್ಚಿ ಒಂದು ವಾರ ಇಡ್ರಿ. ಎತ್ತುವಾಗ ಇಬ್ಬರು ಬೇಕು, ಒಂದು ಮೂಲಿ ಹಿಡಿದು ಜಗ್ಗಿದ್ರ ಹರಿತದ.

ಕೋಥ್ರೂಡ್: ಮಳೆಗಾಲದ್ದು ಹೇಳಲಿಲ್ಲ. ಸ್ಟೋರೇಜ್ ಮಂಚದ ಪ್ಲೈ ಮೇಲೆ ಕಾಯರ್, ಅದರ ಮೇಲೆ ಟಾಪರ್ ಅಂದರೆ ಕಾಯರಿನ ಅಡಿ ಬೂಷ್ಟು ಖಚಿತ. ಪ್ಲೈಗೆ 25 ಮಿಮೀ ತೂತು, ಎಂಟು ಇಂಚಿಗೊಂದು ಕೊರೆಸಿ.

ಠಾಣೆ: ತೂತು ಕೊರೆಸಿದರೆ ಆ ತೇವ ಒಳಗಿಟ್ಟ ರಜಾಯಿಗೆ ಇಳಿಯತ್ತೆ. ವಾರಕ್ಕೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದರೆ ಸಾಕು.

ಕೋಥ್ರೂಡ್: 11 ಕೆಜಿ ಟಾಪರ್ ತೆಗೆದಿಟ್ಟು, ಆಮೇಲೆ ಕಾಯರ್ ಎತ್ತಿ, ವಾರ ವಾರ? ಯಾರು ಮಾಡ್ತಾರೆ?

ಠಾಣೆ: ನಾವು ಮಾಡ್ತೀವಿ.

ಕಲ್ಯಾಣ್: ಈ ರಬ್ಬರ್ ಎಲ್ಲ ಬಿಡಿ, ಹತ್ತಿ ಹಾಸಿಗೆ ಹೊಲಿಸಿ. ಗಂಟಾದರೆ ಮತ್ತೆ ಹಿಂಜಿಸಬಹುದು.

ಮಡಗಾಂವ್: ಗೋವಾ ಮಳೆಯಲ್ಲಿ ಹತ್ತಿ? ಸೆಪ್ಟೆಂಬರ್‌ವರೆಗೂ ಅದು ಒಣಗಲ್ಲ.

ವಾಸ್ಕೊ: ಡೊಂಬಿವಲಿಯವ್ರ, ನಿಮ್ಮ ಕಾಯರ್ ನಡುವ ತಗ್ಗು ಬಿದ್ದದೇನು? ಅಡ್ಡ ಒಂದು ಕೋಲು ಇಟ್ಟು ನೋಡ್ರಿ. ಒಂದು ಇಂಚು ತಗ್ಗು ಇದ್ರ ಟಾಪರ್ ಹಾಕಬ್ಯಾಡ್ರಿ, ಅದೂ ಅದರ ಸಂಗಟನೇ ಬಗ್ಗತದ.