ಪದಚರ್ಚೆ: ಸೋರುವ ಕೊಳವೆ, ಇಳಿಸಬೇಕಾದ ನೀರು

ಮಾನ್ಯರೇ,

ಮನೆಯನ್ನು ಬೆಚ್ಚಗಿಡುವ ಬಿಸಿನೀರಿನ ವ್ಯವಸ್ಥೆಯಲ್ಲಿ ಕೊಳವೆ ಸೋರಿದಾಗ, ರಿಪೇರಿಗೆ ಮೊದಲು ಒಳಗಿನ ನೀರನ್ನು ‘ಡ್ರೈನ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೀರಿ. ಕೈಪಿಡಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕೆಂದು ತಿಳಿಸಿರುವುದರಿಂದ ಉತ್ತರವನ್ನು ಮೊದಲೇ ಹೇಳುತ್ತೇನೆ: ‘ನೀರನ್ನು ಇಳಿಸಿ’ ಎಂದು ಬರೆಯಿರಿ, ‘ಬಸಿಯಿರಿ’ ಎಂದು ಬರೆಯಬೇಡಿ.

ಈ ಚರ್ಚೆಯಲ್ಲಿ ‘ಬಸಿ’ಯನ್ನು ಸೂಚಿಸಿದವರು, ಹೊಲದ ಹೆಚ್ಚಿನ ನೀರನ್ನು ಹೊರಹಾಕುವ ಬಸಿಗಾಲುವೆಯನ್ನು ಆಧಾರವಾಗಿ ಕೊಟ್ಟಿದ್ದಾರೆ. ಪದ ಅಚ್ಚಗನ್ನಡ ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಧಾತು ರೂಪ ಬದಲಿಸದೆಯೇ ಅಕರ್ಮಕವೂ ಆಗುತ್ತದೆ, ಸಕರ್ಮಕವೂ ಆಗುತ್ತದೆ. ಗೋಡೆಯಿಂದ ನೀರು ಬಸಿಯುತ್ತದೆ. ಪಾತ್ರೆಯ ನೀರನ್ನು ನಾವು ಬಸಿಯುತ್ತೇವೆ. ‘ಕೊಳವೆಯಿಂದ ನೀರು ಬಸಿಯುತ್ತಿದ್ದರೆ ವ್ಯವಸ್ಥೆಯ ನೀರನ್ನು ಬಸಿಯಿರಿ’ ಎಂದು ಬರೆದರೆ ರೋಗಕ್ಕೂ ಮದ್ದಿಗೂ ಒಂದೇ ಹೆಸರಿಟ್ಟ ಹಾಗಾಗುತ್ತದೆ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕೈಪಿಡಿ ಓದುವವರಿಗೆ, ತಾನಾಗಿ ಆಗುತ್ತಿರುವುದು ಯಾವುದು, ತಾವು ಮಾಡಬೇಕಾದದ್ದು ಯಾವುದು ಎಂಬುದು ಕ್ರಿಯಾಪದದಲ್ಲೇ ತಿಳಿಯಬೇಕು. ‘ಇಳಿಸು’ವಿನಲ್ಲಿರುವ ‘ಇಸು’ ಆ ಕೆಲಸವನ್ನು ಮಾಡುತ್ತದೆ.

ಕೆಡುಕಿನ ಕಡೆಗೆ ‘ಸೋರು’ ಇದ್ದೇ ಇದೆ, ಅದಕ್ಕಿಂತ ಒಳ್ಳೆಯ ಪದವಿಲ್ಲ. ಹಳಗನ್ನಡದ ‘ಸೋರ್ಮುಡಿ’ ಎಂದರೆ ಕಟ್ಟು ಬಿಚ್ಚಿ ಇಳಿಬಿದ್ದ ಮುಡಿ. ತಮಿಳಿನ ‘ಚೋರ್’ಗೂ ಸಡಿಲು, ಜಾರು ಎಂಬ ಅರ್ಥಗಳಿವೆ. ಜೋಡಣೆ ಸಡಿಲಾಗಿ ನೀರು ಜಾರಿಹೋಗುವುದಕ್ಕೆ ಈ ಧಾತು ಹೇಳಿ ಮಾಡಿಸಿದಂತಿದೆ.

‘ಖಾಲಿ’ ಅರಬ್ಬಿಯದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಿದವರ ವಾದವನ್ನು ನಾನು ಒಪ್ಪುವುದಿಲ್ಲ. ನನ್ನ ಆಕ್ಷೇಪ ಬೇರೆ, ಮತ್ತು ಅದು ‘ಬರಿದುಮಾಡು’ವಿಗೂ ಸಲ್ಲುತ್ತದೆ. ಮೇಲಿನ ಮಹಡಿಯ ರೇಡಿಯೇಟರಿನ (ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕದ) ಕೊಳವೆ ಸೋರುತ್ತಿದ್ದರೆ ಇಡೀ ಮನೆಯ ನೀರನ್ನು ಚೆಲ್ಲಬೇಕಾಗಿಲ್ಲ. ನೀರಿನ ಮಟ್ಟ ಆ ಜಾಗಕ್ಕಿಂತ ಕೆಳಗೆ ಹೋದರೆ ಸಾಕು. ‘ಖಾಲಿ ಮಾಡಿ’ ಎಂದಾಗ ಈ ಅಳತೆ ಕಳೆದುಹೋಗುತ್ತದೆ, ‘ಇಳಿಸಿ’ ಎಂದಾಗ ‘ಎಲ್ಲಿಯವರೆಗೆ’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ‘ನಿರ್ಜಲೀಕರಣ’ದ ಚರ್ಚೆ ಬೇಡ. ಅದು ವಾಂತಿಭೇದಿಯಾದವರ ದೇಹಸ್ಥಿತಿಯ ಹೆಸರು.

‘ನೀರಿಳಿಸು’ ಎಂದರೆ ಸೊಕ್ಕು ಮುರಿಯುವುದಲ್ಲವೇ ಎಂದು ಒಬ್ಬರು ಕೇಳಿದ್ದಾರೆ. ಹೌದು, ಆದರೆ ಆ ನುಡಿಗಟ್ಟು ‘ಅನ್ನು’ ಪ್ರತ್ಯಯವನ್ನು ಸೇರಿಸಿಕೊಳ್ಳುವುದಿಲ್ಲ. ‘ನೀರನ್ನು ಇಳಿಸಿ’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ. ಕರ್ಮಪದವನ್ನು ಬಿಡದಿರಲು ಇನ್ನೂ ಮುಖ್ಯವಾದ ಕಾರಣವೊಂದಿದೆ. ಮುಚ್ಚಿದ ವ್ಯವಸ್ಥೆಯಲ್ಲಿ, ಅಂದರೆ ತೆರೆದ ತೊಟ್ಟಿಯಿಲ್ಲದೆ ಒತ್ತಡದಲ್ಲಿ ನೀರು ತುಂಬಿರುವಲ್ಲಿ, ಸ್ವಲ್ಪ ನೀರು ಹೊರಬಂದ ಕೂಡಲೇ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬೀಳುತ್ತದೆ, ಆದರೆ ಕೊಳವೆಗಳು ಆಗಲೂ ತುಂಬಿಯೇ ಇರುತ್ತವೆ. ಬರಿದೇ ‘ಇಳಿಸಿ’ ಎಂದು ಓದಿದವರು ಮುಳ್ಳು ಇಳಿದದ್ದನ್ನು ನೋಡಿ ಕೊಳವೆ ಬಿಚ್ಚಿದರೆ ಆಗುವ ಅನಾಹುತಕ್ಕೆ ಅನುವಾದಕರೇ ಹೊಣೆ. ರಿಪೇರಿಯ ನಂತರ, ತಣ್ಣಗಿರುವಾಗ, ಒತ್ತಡವನ್ನು ಸಾಮಾನ್ಯವಾಗಿ 1ರಿಂದ 1.5 ಬಾರ್‌ವರೆಗೆ (ಬಾರ್ ಎಂದರೆ ಒತ್ತಡದ ಅಳತೆಮಾನ) ತರಬೇಕು. ಅಲ್ಲಿ ‘ಒತ್ತಡವನ್ನು ಏರಿಸಿ’ ಎಂದು ಬರೆಯಿರಿ.

ವ್ಯವಸ್ಥೆಯ ಅತ್ಯಂತ ತಗ್ಗಿನಲ್ಲಿರುವ ಚಿಕ್ಕ ನಲ್ಲಿಗೆ ‘ತೂಬು’ ಎಂಬ ಪದವನ್ನು ನಾನು ಆಗ್ರಹಪೂರ್ವಕವಾಗಿ ಸೂಚಿಸುತ್ತೇನೆ. ಕೆರೆಯ ನೀರನ್ನು ಹೊರಬಿಡುವ ತೂಬು ಇರುವುದು ತಳದಲ್ಲಿ, ತುಂಬಿ ಹೆಚ್ಚಾದ ನೀರು ಹೊರಬೀಳುವ ಕೋಡಿ ಇರುವುದು ಮೇಲೆ; ಇಲ್ಲಿಯೂ ತೆರೆದ ತೊಟ್ಟಿಯಿರುವ ವ್ಯವಸ್ಥೆಯಾದರೆ ಉಕ್ಕಿದ ನೀರು ಹೋಗುವ ಕೊಳವೆ ಮೇಲಿರುತ್ತದೆ, ಅದು ಕೋಡಿಯೇ. ತಮಿಳಿನ ‘ತೂಂಬು’ ಕೊಳವೆಗೂ ಸಲ್ಲುತ್ತದೆ, ತೂಬಿಗೂ ಸಲ್ಲುತ್ತದೆ. ಇಷ್ಟು ಕರಾರುವಾಕ್ಕಾದ ಜೋಡಿಪದಗಳನ್ನು ಕೆರೆಯಲ್ಲೇ ಬಿಟ್ಟು ಬೇರೆಡೆ ಹುಡುಕುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ತಾವು ಕೇಳದೆ ಬಿಟ್ಟಿರುವ, ಆದರೆ ಕೈಪಿಡಿಯಲ್ಲಿ ತಪ್ಪಾಗಲಿರುವ ಇನ್ನೊಂದು ಪ್ರಯೋಗವಿದೆ. ರೇಡಿಯೇಟರಿನ ಮೇಲ್ತುದಿಯ ತಿರುಪಿಗೆ ‘ಗಾಳಿ ಬಿಡಿ’ ಎಂದು ಬರೆದಿದ್ದೀರಿ. ನೀರನ್ನು ಇಳಿಸುವ ಕೆಲಸವೊಂದರಲ್ಲಿ ಹೋಸ್‌ಪೈಪಿನ ತುದಿಯನ್ನು ಬಕೆಟ್ಟಿನೊಳಗೆ ಹಿಡಿದು ಕುಳಿತಿದ್ದವನು ನಾನು. ಇದ್ದಿಲು ಕಲಸಿದಂಥ ಕಪ್ಪು ನೀರು (ಉಕ್ಕಿನ ರೇಡಿಯೇಟರಿನ ಒಳಮೈ ಸವೆದು ಆದ ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡಿನ ಬಗ್ಗಡ ಅದು) ಅರ್ಧ ಬಕೆಟ್ ಬಂದು ನಿಂತೇಹೋಯಿತು. ಮಹಡಿಯಲ್ಲಿದ್ದವರು ಮೇಲಿನ ತಿರುಪನ್ನು ಚೌಕದ ಕೀಲಿಯಿಂದ ಸಡಿಲಿಸಿದಾಗ ಗಾಳಿ ಸುಯ್ಯೆಂದು ಒಳನುಗ್ಗಿ, ಹೋಸ್‌ಪೈಪ್ ನನ್ನ ಕೈಯಲ್ಲಿ ಒಮ್ಮೆ ನಡುಗಿ, ನೀರು ಮತ್ತೆ ಹರಿಯತೊಡಗಿತು. ನೀರನ್ನು ಇಳಿಸುವಾಗ ಗಾಳಿ ಒಳಗೆ ಹೋಗಬೇಕು. ಮತ್ತೆ ತುಂಬುವಾಗ ಅದೇ ತಿರುಪಿನಿಂದ ಹೊರಗೆ ಬರಬೇಕು. ‘ಗಾಳಿ ಬಿಡಿ’ ಎರಡಕ್ಕೂ ಆಗುವುದರಿಂದ ಯಾವುದಕ್ಕೂ ಆಗುವುದಿಲ್ಲ. ‘ಒಳಬಿಡಿ’, ‘ಹೊರಬಿಡಿ’ ಎಂದು ಬೇರೆ ಬೇರೆಯಾಗಿಯೇ ಬರೆಯಬೇಕು.

ಇನ್ನು ‘ವಾಲ್ವ್’ ಬೇಡ, ‘ಕವಾಟ’ ಬೇಕು ಎಂಬ ಜಗಳ. ಲ್ಯಾಟಿನ್ನಿನ ‘ವಾಲ್ವ’ ಎಂದರೆ ಮಡಚುವ ಬಾಗಿಲಿನ ಒಂದು ಕದ, ಕವಾಟವೆಂದರೂ ಕದವೇ. ಹಾಗೆ ಅನುವಾದಿಸಿದವರು ಬಲ್ಲವರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಸಂಸ್ಕೃತದಿಂದ ತಂದದ್ದು ಸ್ವಂತದ್ದು, ಇಂಗ್ಲಿಷಿನಿಂದ ಬಂದದ್ದು ಎರವಲು ಎಂಬ ತರ್ಕ ನಿಲ್ಲುವುದಿಲ್ಲ. ಹೃದಯಕ್ಕೆ ಕವಾಟ ರೂಢಿಯಾಗಿದೆ, ಕೊಳವೆಗೆ ವಾಲ್ವ್ ರೂಢಿಯಾಗಿದೆ. ಹಾಗೆಯೇ ಇರಲಿ.

ತಮ್ಮ ಪುಟಕ್ಕೆ ನನ್ನ ಕರಡು ಇದು: ‘ಬಾಯ್ಲರ್ ಆರಿಸಿ, ನೀರು ತಣಿಯುವವರೆಗೆ ಕಾಯಿರಿ. ನೀರು ಒಳಬರುವ ವಾಲ್ವನ್ನು ಮುಚ್ಚಿರಿ. ತೂಬಿಗೆ ಹೋಸ್‌ಪೈಪ್ ಬಿಗಿದು, ಅದರ ತುದಿಯನ್ನು ತೂಬಿಗಿಂತ ತಗ್ಗಿನಲ್ಲಿಡಿ. ತೂಬನ್ನು ತೆರೆದು, ಬಳಿಕ ಮೇಲಿನ ತಿರುಪನ್ನು ಸಡಿಲಿಸಿ ಗಾಳಿಯನ್ನು ಒಳಬಿಡಿ. ಸೋರುವ ಜಾಗಕ್ಕಿಂತ ಕೆಳಗಿನವರೆಗೆ ನೀರನ್ನು ಇಳಿಸಿ.’ ‘ತೂಬು’ ಓದುಗರಿಗೆ ಹೊಸದೆನಿಸೀತು ಎಂಬ ಅಳುಕಿದ್ದರೆ ಮೊದಲ ಸಲ ‘ತೂಬು, ಅಂದರೆ ತಳದ ನಲ್ಲಿ’ ಎಂದು ಬರೆಯಿರಿ.