ಲಿಬರ್ಟೇರಿಯನ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಸಣ್ಣ ಪಕ್ಷಗಳಿಂದ ನಿಂತವರ ಬಗ್ಗೆ ಬರೆಯಲು ಕೂತು, ಮೊದಲ ಸಾಲಲ್ಲೇ ಸಿಕ್ಕಿಕೊಂಡಿದ್ದೇನೆ. ಲಿಬರ್ಟೇರಿಯನ್ ಪಾರ್ಟಿ ಅನ್ನೋದು ಹೆಸರು, ಅದನ್ನು ಹಾಗೇ ಬಿಡಬಹುದು. ಜನರ ಬದುಕಿನಲ್ಲಿ ಸರ್ಕಾರದ ಒತ್ತಾಯ ಆದಷ್ಟು ಕಡಿಮೆ ಇರಬೇಕು ಅನ್ನೋದು ಅವರ ವಿಚಾರ. ಆ ವಿಚಾರ ಒಪ್ಪುವವರನ್ನು ಏನನ್ನೋಣ? ಉದಾರವಾದಿ ಎಂದರೆ ಲಿಬರಲ್ ಆಗುತ್ತದೆ, ಅಲ್ಲಿ ಅದು ಬೇರೆಯೇ ಗುಂಪು. ಸ್ವಾತಂತ್ರ್ಯವಾದಿ ಎಂದರೆ ಸ್ವಾತಂತ್ರ್ಯ ಹೋರಾಟಗಾರರು ನೆನಪಾಗುತ್ತಾರೆ. ಸ್ವೇಚ್ಛಾವಾದಿ ಅಂತೂ ಬೈಗುಳದ ಹಾಗಿದೆ.

ಇಂಗ್ಲಿಷಿನವರಿಗೆ ಒಂದು ಅನುಕೂಲ ಇದೆ. ದೊಡ್ಡ ಎಲ್ ಬರೆದರೆ ಪಕ್ಷದವರು, ಸಣ್ಣ ಎಲ್ ಬರೆದರೆ ಬರೀ ಆ ವಿಚಾರದವರು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ! ರಾಜಕಾರಣಿ ರಾನ್ ಪಾಲ್ 1988ರಲ್ಲಿ ಈ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು, 2008 ಮತ್ತು 2012ರಲ್ಲಿ ರಿಪಬ್ಲಿಕನ್ ಪಕ್ಷದ ಟಿಕೆಟ್‌ಗೆ ಓಡಾಡಿದರು. ಪಕ್ಷ ಬದಲಾಯಿತು, ವಿಚಾರ ಬದಲಾಗಲಿಲ್ಲ. ಅದನ್ನು ಹೇಳಲು ಎರಡು ಪದ ಬೇಕೇ ಬೇಕು.

ನನಗೆ ‘ಹಂಗು’ ಹೊಳೆಯಿತು. ಸರ್ಕಾರದ ಹಂಗು ಬೇಡ ಎನ್ನುವವರು. ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಹಂಗು ಹುಟ್ಟೋದು ಪಡೆದದ್ದರಿಂದ. ಇವರ ಮುಖ್ಯ ತಕರಾರು ಸರ್ಕಾರ ಕೊಡುವುದರ ಮೇಲಲ್ಲ, ಒತ್ತಾಯ ಮಾಡುವುದರ ಮೇಲೆ.

ಇನ್ನೊಂದು. ಇಂಥ ಸಣ್ಣ ಪಕ್ಷದ ಅಭ್ಯರ್ಥಿಗಳನ್ನು ಸುಮ್ನೆ ಪಕ್ಷೇತರರು ಎಂದುಬಿಡುತ್ತಾರೆ. ತಪ್ಪು. ಲಿಬರ್ಟೇರಿಯನ್ ಪಾರ್ಟಿ 1971ರಲ್ಲಿ ಹುಟ್ಟಿದ ಪಕ್ಷ. 2016ರಲ್ಲಿ ಅದರ ಅಭ್ಯರ್ಥಿ ಗ್ಯಾರಿ ಜಾನ್ಸನ್ 44 ಲಕ್ಷಕ್ಕೂ ಜಾಸ್ತಿ ಮತ ಪಡೆದರು. ‘ಠೇವಣಿ ಕಳೆದುಕೊಂಡರು’ ಅನ್ನೋದೂ ಅಲ್ಲಿಗೆ ಹೊಂದಲ್ಲ. ಸಣ್ಣ ಪಕ್ಷದವರ ಪಾಡು ಮತಪತ್ರದಲ್ಲಿ ಹೆಸರು ಬರುವುದರಲ್ಲೇ ಇದೆ, ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಹೆಚ್ಚಿನ ಕಡೆ ಸಾವಿರಾರು ಸಹಿ ಕೂಡಿಸಬೇಕು. 1972ರಲ್ಲಿ ಈ ಪಕ್ಷದಿಂದ ನಿಂತ ತತ್ವಶಾಸ್ತ್ರದ ಮೇಷ್ಟ್ರು ಜಾನ್ ಹಾಸ್ಪರ್ಸ್ ಅವರ ಹೆಸರು ಮತಪತ್ರದಲ್ಲಿ ಇದ್ದದ್ದು ಎರಡೇ ರಾಜ್ಯಗಳಲ್ಲಿ.

ಅದೇ ವರ್ಷದ ಇನ್ನೊಂದು ತೊಡಕು. ವರ್ಜೀನಿಯಾದ ರಿಪಬ್ಲಿಕನ್ ಎಲೆಕ್ಟರ್ (ರಾಜ್ಯದ ಪರವಾಗಿ ಅಧ್ಯಕ್ಷರನ್ನು ಆರಿಸಲು ಮತ ಹಾಕುವ ಪ್ರತಿನಿಧಿ) ರೋಜರ್ ಮ್ಯಾಕ್‌ಬ್ರೈಡ್ ನಿಕ್ಸನ್‌ರನ್ನು ಬಿಟ್ಟು ಹಾಸ್ಪರ್ಸ್‌ಗೆ ಮತ ಹಾಕಿದರು. ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಹಾಸ್ಪರ್ಸ್ ಜೊತೆ ನಿಂತಿದ್ದ ಟೋನಿ ನೇಥನ್‌ಗೆ ಹಾಕಿದರು, ಹಾಗೆ ಎಲೆಕ್ಟೋರಲ್ ಮತ ಪಡೆದ ಮೊದಲ ಹೆಂಗಸು ಆಕೆ. ಈ ಮ್ಯಾಕ್‌ಬ್ರೈಡ್‌ರನ್ನು ವಿಶ್ವಾಸದ್ರೋಹಿ ಎನ್ನಲು ಮನಸ್ಸಿಲ್ಲ, ಮುಂದೆ 1976ರಲ್ಲಿ ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿಯಾದವರು. ನಮ್ಮ ಪತ್ರಿಕೆಗಳ ‘ಅಡ್ಡಮತದಾನ’ ಇಲ್ಲಿ ನಡೆಯುತ್ತದಾ, ಅಥವಾ ಅದಕ್ಕೆ ದುಡ್ಡಿನ ವಾಸನೆ ಜಾಸ್ತಿ ಅಂಟಿದೆಯಾ?