ಗೀಸರ್ ಎಷ್ಟು ಕರೆಂಟ್ ಎಳೆಯುತ್ತದೆ: ಮನೆಮಂದಿಯ ಗುಂಪಿನಲ್ಲಿ ನಡೆದ ಚರ್ಚೆ

ಕಲ್ಯಾಣಪುರ ದೊಡ್ಡಪ್ಪ: ಈಗಷ್ಟೇ ಬಂದ ಫಾರ್ವರ್ಡ್ ಒಂದನ್ನು ಮೇಲೆ ಹಾಕಿದ್ದೇನೆ. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ 2000 ವ್ಯಾಟ್‌ನ ಗೀಸರ್ 8.7 ಆಂಪಿಯರ್ ಬದಲು 10.5 ಆಂಪಿಯರ್ ಎಳೆಯುತ್ತದೆ, ಬಿಲ್ಲೂ ಏರುತ್ತದೆ, ಆದ್ದರಿಂದ ಸ್ಟೆಬಿಲೈಸರ್ ಹಾಕಿಸಿ ಎಂದು ಅದರಲ್ಲಿದೆ. ಲೆಕ್ಕ ನನಗೆ ಸರಿ ಕಂಡಿತು.

ಮಣಿಪಾಲ ಅಕ್ಕ: ದೊಡ್ಡಪ್ಪ, ಭಾಗಾಕಾರ ಸರಿಯಿದೆ, ಹಿಡಿದ ಅಂಕಿ ಸರಿಯಿಲ್ಲ. ಗೀಸರಿನ ಮೇಲೆ ಬರೆದ 2000 ವ್ಯಾಟ್ 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ. ವೋಲ್ಟೇಜ್ ಏರಿಳಿದರೂ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದು ಕಾಯಿಲ್‌ನ ರೋಧ, ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ತಡೆ. 230ನ್ನು 8.7ರಿಂದ ಭಾಗಿಸಿದರೆ ಆ ರೋಧ ಸುಮಾರು 26.4 ಓಮ್. ಈಗ 190ನ್ನು 26.4ರಿಂದ ಭಾಗಿಸಿ ನೋಡಿ, ಕರೆಂಟ್ 7.2 ಆಂಪಿಯರಿಗೆ ಇಳಿಯುತ್ತದೆ, ವೋಲ್ಟೇಜ್ ಮತ್ತು ಕರೆಂಟ್ ಎರಡೂ ಇಳಿದಿರುವುದರಿಂದ ಅವುಗಳ ಗುಣಲಬ್ಧವಾದ ವ್ಯಾಟ್ 1370ರ ಆಸುಪಾಸಿಗೆ ಕುಸಿಯುತ್ತದೆ.

ಕಾಪು ಭಾವ: ಇದನ್ನು ನಾನು ಒಪ್ಪಲಾರೆ. ನಮ್ಮ ಬಾವಿಯ ಪಂಪಿಗೆ ಕ್ಲ್ಯಾಂಪ್ ಮೀಟರ್ ಹಿಡಿದು ನಾನೇ ನೋಡಿದ್ದೇನೆ, ವೋಲ್ಟೇಜ್ ಬಿದ್ದಾಗ ಕರೆಂಟ್ 6ರಿಂದ 7 ಆಂಪಿಯರಿಗೆ ಏರಿತ್ತು.

ಮಣಿಪಾಲ ಅಕ್ಕ: ಭಾವ, ನೀವು ಕಂಡದ್ದೂ ಸತ್ಯವೇ. ಪಂಪಿನಲ್ಲಿರುವುದು ಮೋಟಾರು, ಅಷ್ಟೇ ಆಳದಿಂದ ನೀರೆತ್ತುವ ಭಾರ ಅದರ ಮೇಲೆ ಇರುವುದರಿಂದ, ವೋಲ್ಟೇಜ್ ಸಾಲದಾದಾಗ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗ್‌ನ, ಅಂದರೆ ಮೋಟಾರಿನೊಳಗಿನ ತಂತಿಸುರುಳಿಯ, ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವ ಕಾರಣ, 6ರ ವರ್ಗ 36 ಇದ್ದಲ್ಲಿ 7ರ ವರ್ಗ 49 ಆಯಿತು, ಅಂದರೆ ಬಿಸಿ ಮೊದಲಿದ್ದುದರ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಏರಿತು. ಬೇಸಿಗೆಯಲ್ಲಿ ಪಂಪು ಸುಡುವುದಕ್ಕೆ ಇದೊಂದು ಕಾರಣ, ಅದಕ್ಕೆ ವೋಲ್ಟೇಜ್ ತೀರಾ ಬಿದ್ದಾಗ ಪಂಪನ್ನು ತಾನಾಗಿ ನಿಲ್ಲಿಸುವ ಲೋ ವೋಲ್ಟೇಜ್ ಕಟ್‌ಆಫ್ ಹಾಕಿಸಲೇಬೇಕು. ಆ ಫಾರ್ವರ್ಡ್ ಮೋಟಾರಿನ ಮಾತನ್ನು ತಂದು ಗೀಸರಿಗೆ ಅಂಟಿಸಿದೆ.

ಕಲ್ಯಾಣಪುರ ದೊಡ್ಡಪ್ಪ: ನೀರು ಕಾಯಲು ಹೊತ್ತು ಹಿಡಿಯುತ್ತದಲ್ಲ, ಆಗ ಬಿಲ್ಲು ಏರದೇ?

ಮಣಿಪಾಲ ಅಕ್ಕ: 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದದ್ದು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. 2000 ವ್ಯಾಟ್‌ನಲ್ಲಿ ಅದಕ್ಕೆ ಸುಮಾರು 16 ನಿಮಿಷ, 1370ರಲ್ಲಿ 23 ನಿಮಿಷ. ಟ್ಯಾಂಕಿನ ಹೊರಮೈಯಿಂದ ಸೋರುವ ಅಲ್ಪ ಶಾಖವನ್ನು ಬಿಟ್ಟರೆ ಯೂನಿಟ್ ಒಂದೇ. ಸ್ಟೆಬಿಲೈಸರಿಗೆ ಹಣ ಸುರಿಯುವ ಮೊದಲು ನೀವು ಪರೀಕ್ಷಿಸಬೇಕಾದದ್ದು ಬೇರೆಯಿದೆ. ಗೀಸರ್ ಹಾಕಿದೊಡನೆ ಮನೆಯ ವೋಲ್ಟೇಜ್ 230ರಿಂದ 215ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಹರಿಯುವುದು 8.1 ಆಂಪಿಯರ್, ಕಳೆದುಹೋದ 15 ವೋಲ್ಟನ್ನು ಅದರಿಂದ ಗುಣಿಸಿದರೆ ಸುಮಾರು 120 ವ್ಯಾಟ್, ಅಷ್ಟೂ ಶಾಖ ತಂತಿ ಮತ್ತು ಜಾಯಿಂಟ್‌ಗಳಲ್ಲೇ ಹುಟ್ಟುತ್ತಿರುತ್ತದೆ. ಅದರಲ್ಲಿ ಬಹುಪಾಲು ಒಂದೇ ಸಡಿಲ ಜಾಯಿಂಟ್‌ನಲ್ಲಿ ಸೇರಿಕೊಂಡರೆ ಇನ್ಸುಲೇಶನ್ ಕರಗಿ ಬೆಂಕಿಯೇ ಹತ್ತಬಹುದು, ಸಮುದ್ರದ ಉಪ್ಪುಗಾಳಿಯಿರುವ ನಮ್ಮ ಕಡೆ ಅಲ್ಯೂಮಿನಿಯಂ ಜಾಯಿಂಟ್ ಬೇಗ ಕೆಡುತ್ತದೆ. ದಯವಿಟ್ಟು ಎಲೆಕ್ಟ್ರಿಷಿಯನ್‌ನಿಂದಲೇ ಅಳೆಸಿ, ದೊಡ್ಡಪ್ಪ, ನೀವು ಕೈಹಾಕಬೇಡಿ.

ಕಾಪು ಭಾವ: ಮೀಟರಿನ ಆಚೆಯ ದೋಷವಾದರೆ ಲೈನ್‌ಮ್ಯಾನ್‌ಗೆ ಹೇಳಬೇಕು, ಈಚೆಯದಾದರೆ ನಾವೇ ಸರಿಪಡಿಸಬೇಕು. ಅಷ್ಟನ್ನು ನಾನು ಒಪ್ಪುತ್ತೇನೆ.

ಕಲ್ಯಾಣಪುರ ದೊಡ್ಡಪ್ಪ: ನಾಳೆ ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತೇನೆ, ಗೀಸರ್ ಹಾಕುವ ಮೊದಲಿನ ಮತ್ತು ಹಾಕಿದ ನಂತರದ ವೋಲ್ಟೇಜನ್ನು ಇಲ್ಲಿಯೇ ಬರೆಯುತ್ತೇನೆ.